ವಿಕಾಸವಾದ: ನಮ್ಮ ವಾದದ ಸನದ್ ಎಲ್ಲಿಗೆ ಹೋಗುತ್ತದೆ?

ಸರಗೂರಿನಲ್ಲಿ ಕಳೆದ ಎರಡು ಜುಮಾಗಳಲ್ಲಿ ನಾವು ಮಾಡಿದ ಬಯಾನಿನ ಸಾರಾಂಶ ಇದು. ಸಾಮಾನ್ಯವಾಗಿ ನಮ್ಮ ಸಾರಾಂಶ ಒಂದೆರಡು ಪುಟಕ್ಕೆ ಮುಗಿಯುತ್ತದೆ. ಈ ಸಲ ಹಾಗಾಗಲಿಲ್ಲ. ಮೊದಲ ಜುಮಾ ಮುಗಿದ ಮೇಲೆ ಜಮಾಅತಿನ ಕೆಲವು ಹಿರಿಯರು ಚಪ್ಪಲಿ ಹಾಕುವ ಜಾಗದಲ್ಲೇ ನಮ್ಮನ್ನು ನಿಲ್ಲಿಸಿಕೊಂಡು, "ಹಜ್ರತ್, ಹಿಂದೆ ನಾನು ಹೇಳಿದ್ದು ತಪ್ಪು ಅಂತ ಮಿಂಬರಿನ ಹತ್ತಿರ ನಿಂತು ಹೇಳಬಾರದಿತ್ತು, ಜನಕ್ಕೆ ಗೊಂದಲ ಆಗುತ್ತೆ" ಎಂದರು. ಅವರ ಕಾಳಜಿ ನಮಗೆ ಅರ್ಥವಾಗುತ್ತದೆ. ಅದಕ್ಕೇ ಈ ಸಲ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ನಾಲ್ಕು ವರ್ಷಗಳ ಹಿಂದೆ ಒಂದು ಜುಮಾದಲ್ಲಿ ನಾವು ಡಾರ್ವಿನ್ನನ ವಿಕಾಸವಾದದ ಬಗ್ಗೆ ಮಾತಾಡಿದ್ದೆವು. ಕೈಯಲ್ಲಿ ಬಣ್ಣದ ಚಿತ್ರಗಳಿದ್ದ ಒಂದು ಉರ್ದು ಪುಸ್ತಕವಿತ್ತು, ಮೊಬೈಲಿನಲ್ಲಿ ಯಾರೋ ಕಳಿಸಿದ ಎರಡು ವಿಡಿಯೋಗಳಿದ್ದವು. ಅವನ್ನು ನಂಬಿ ಮೂರು ಮಾತು ಹೇಳಿದೆವು. ಒಂದು ಬಗೆಯ ಜೀವಿಗೂ ಇನ್ನೊಂದಕ್ಕೂ ನಡುವಿನ ಪಳೆಯುಳಿಕೆ ಜಗತ್ತಿನಲ್ಲಿ ಒಂದೂ ಸಿಕ್ಕಿಲ್ಲ ಎಂದೆವು. ಕಲ್ಲುಗಳ ವಯಸ್ಸು ಹೇಳುವುದು ಬರೀ ಊಹೆ ಎಂದೆವು. ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಸಿಕ್ಕಿತೆನ್ನಲಾದ ಆದಿಮಾನವನ ಬುರುಡೆ ನಕಲಿ ಎಂದು ಬಯಲಾಯಿತಲ್ಲ, ಉಳಿದವೂ ಹಾಗೆಯೇ ಎಂದೆವು. ಜನ ಸುಬ್‌ಹಾನಲ್ಲಾಹ್ ಎಂದರು. ನಮಗೂ ಸಂತೋಷವಾಗಿತ್ತು.

ಅಂದು ಕೂತು ಕೇಳಿದ ಒಬ್ಬ ಹುಡುಗ ಈಗ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾನೆ. ರಜೆಗೆ ಊರಿಗೆ ಬಂದರೂ ಅವನು ಜುಮಾಕ್ಕೆ ಬರುವುದು ನಿಂತುಹೋಗಿತ್ತು. ಅವನ ತಾಯಿ ನಮ್ಮ ಮನೆಗೆ ಬಂದು ಕಣ್ಣೀರು ಹಾಕಿದರು. ಅವನನ್ನು ಕರೆಸುವ ಬದಲು ನಾವೇ ಹೋದೆವು. ಚಹಾ ಕುಡಿಯುವವರೆಗೂ ಅವನು ಮಾತಾಡಲಿಲ್ಲ. ಆಮೇಲೆ ಹೇಳಿದ. ಹಾಸ್ಟೆಲಿನಲ್ಲಿ ಅವನ ಕೋಣೆಯಲ್ಲಿ ಒಬ್ಬ ಕ್ರೈಸ್ತ ಹುಡುಗನಿದ್ದಾನೆ. ಒಳ್ಳೆಯವನು, ಪ್ರಾರ್ಥಿಸದೆ ಊಟಕ್ಕೆ ಕೈ ಹಾಕುವುದಿಲ್ಲ. ಬೈಬಲ್ ಸತ್ಯ ಎಂಬುದಕ್ಕೆ ವಿಜ್ಞಾನದ ಪುರಾವೆಗಳು ಎಂದು ಹೇಳುವ, ಅಮೆರಿಕದಲ್ಲಿ ಅಚ್ಚಾದ ಪುಸ್ತಿಕೆ ಅವನ ಬಳಿ ಇತ್ತು. ನಮ್ಮ ಹುಡುಗ ಅದನ್ನು ತೆರೆದು ನೋಡಿದರೆ ನಾವು ಬಯಾನಿನಲ್ಲಿ ಹೇಳಿದ ಮೂರು ಮಾತುಗಳೂ ಅಲ್ಲಿದ್ದವು. "ಹಜ್ರತ್, ಅದೇ ಪುರಾವೆ ಇಟ್ಕೊಂಡು ಅವನು ಈಸಾ ಖುದಾನ ಮಗ ಅಂತಾನೆ. ಅದೇ ಪುರಾವೆ ಇಟ್ಕೊಂಡು ನೀವು ಇಸ್ಲಾಂ ಸತ್ಯ ಅಂದ್ರಿ. ಕ್ಲಾಸಲ್ಲಿ ನೋಡಿದ್ರೆ ಆ ಪುರಾವೆನೇ ಸುಳ್ಳು. ಹಾಗಾದ್ರೆ ನೀವು ಹೇಳಿದ ಬೇರೆ ಮಾತುಗಳು?"

ನಮ್ಮ ಬಳಿ ಉತ್ತರವಿರಲಿಲ್ಲ. ಅವನ ಪುಸ್ತಕಗಳನ್ನೇ ಎರವಲು ತಂದು ಓದಲು ಕೂತೆವು. ಮದ್ರಸಾದಲ್ಲಿ ಹದೀಸ್ ಓದುವಾಗ ಉಸ್ತಾದರು ಮೊದಲು ಕಲಿಸುವುದು ಒಂದು ಪ್ರಶ್ನೆ: ಈ ಮಾತು ನಿನಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು? ಇದೇ ಸನದ್. ಪ್ರವಾದಿವರ್ಯರ(ಸ) ಹೆಸರಿನಲ್ಲಿ ಬರುವ ಮಾತನ್ನೂ ಸನದ್ ನೋಡದೆ ಒಪ್ಪದ ನಾವು, ಈ ಬಯಾನಿನ ವಿಷಯದಲ್ಲಿ ಸನದ್ ಕೇಳಿರಲಿಲ್ಲ. ಹಾಗಾಗಿ ನಮ್ಮ ವಾದದ ಸನದನ್ನೇ ಹಿಡಿದು ಹಿಂದಕ್ಕೆ ಹೋದೆವು.

ನಮ್ಮ ಕೈಯಲ್ಲಿದ್ದ ಉರ್ದು ಪುಸ್ತಕದ ಮೂಲ ತುರ್ಕಿಯಲ್ಲಿತ್ತು. ಹಾರೂನ್ ಯಹ್ಯಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅದ್ನಾನ್ ಒಕ್ತಾರ್ ಎಂಬುವರ ಬರಹಗಳು ಹತ್ತಾರು ಭಾಷೆಗಳಲ್ಲಿ, ಕಡಿಮೆ ಬೆಲೆಗೆ ಅಥವಾ ಉಚಿತವಾಗಿ ಹಂಚಿಹೋಗಿದ್ದವು. 2006ರಲ್ಲಿ ಅವರು ಸೃಷ್ಟಿಯ ಅಟ್ಲಾಸ್ ಎಂಬ ಭಾರೀ ಗ್ರಂಥ ಹೊರತಂದು, ಮರುವರ್ಷ ಫ್ರಾನ್ಸಿನ ಅನೇಕ ಶಾಲೆಗಳಿಗೆ ಅಂಚೆಯಲ್ಲಿ ಕಳಿಸಿದರು. ಜೀವಿಗಳು ಕೋಟ್ಯಂತರ ವರ್ಷಗಳಿಂದ ಬದಲಾಗಿಯೇ ಇಲ್ಲ ಎಂದು ತೋರಿಸಲು ಒಂದು ಪಳೆಯುಳಿಕೆ, ಪಕ್ಕದಲ್ಲಿ ಇಂದಿನ ಜೀವಿಯ ಚಿತ್ರ ಹೀಗೆ ಪುಟಪುಟವೂ ಇದೆ. ಅದರಲ್ಲಿ ಒಂದು ಇಂದಿನ ಕೀಟದ ಚಿತ್ರವನ್ನು ಓದುಗರು ಹಿಗ್ಗಿಸಿ ನೋಡಿದಾಗ ಅಡಿಯಲ್ಲಿ ಲೋಹದ ಕೊಕ್ಕೆ ಕಂಡಿತು. ಅದು ಕೀಟವಲ್ಲ, ಮೀನು ಹಿಡಿಯಲು ಗಾಳಕ್ಕೆ ಕಟ್ಟುವ ನಕಲಿ ಹುಳ! ಕಬಿನಿ ಹಿನ್ನೀರಿನಲ್ಲಿ ಗಾಳ ಹಾಕುವ ನಮ್ಮ ಹುಡುಗರೂ ಗುರುತಿಸುತ್ತಿದ್ದರೇನೋ. ಆ ಲೇಖಕರು ಬೇರೆ ಘೋರ ಅಪರಾಧಗಳಿಗಾಗಿ 2018ರಲ್ಲಿ ಬಂಧಿತರಾಗಿ ದೀರ್ಘ ಶಿಕ್ಷೆಗೆ ಗುರಿಯಾದರು. ಆದರೆ ಮನುಷ್ಯ ಕೆಟ್ಟವನೆಂಬ ಕಾರಣಕ್ಕೆ ಮಾತು ಸುಳ್ಳಾಗುವುದಿಲ್ಲ. ಮಾತನ್ನು ಮಾತಾಗಿಯೇ ನೋಡಬೇಕು. ಇನ್ನೊಂದು ವಿಷಯ ನಮಗೇ ನಾಚಿಕೆ ತಂದಿತು. ಆ ಲೇಖಕರು ಭೂಮಿಯ ಕೋಟ್ಯಂತರ ವರ್ಷಗಳ ವಯಸ್ಸನ್ನು ಒಪ್ಪಿದವರು. ಕಲ್ಲಿನ ವಯಸ್ಸು ಊಹೆ ಎಂಬ ಮಾತು ನಮಗೆ ಬಂದದ್ದು ವಿಡಿಯೋದಿಂದ. ಅಂದರೆ ಒಂದೇ ಬಯಾನಿನಲ್ಲಿ, ಒಂದನ್ನೊಂದು ಸುಳ್ಳು ಮಾಡುವ ಎರಡು ಮಾತುಗಳನ್ನು ನಾವು ಅಕ್ಕಪಕ್ಕದಲ್ಲಿ ಇಟ್ಟಿದ್ದೆವು. ಯಾರೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ತುರ್ಕಿಯ ಹಿಂದೆ ಯಾರು? 1980ರ ದಶಕದಲ್ಲಿ ತುರ್ಕಿಯ ಶಿಕ್ಷಣ ಸಚಿವಾಲಯವು ವಿಕಾಸವಾದಕ್ಕೆ ಎದುರಾದ ಪಠ್ಯ ಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಒಂದು ಕ್ರೈಸ್ತ ಸೃಷ್ಟಿವಾದಿ ಸಂಸ್ಥೆಯನ್ನೇ ಸಂಪರ್ಕಿಸಿತ್ತು. ಹಾರೂನ್ ಯಹ್ಯಾ ಬರಹಗಳಲ್ಲಿನ ಅನೇಕ ವಾದಗಳು ಅಲ್ಲಿಂದಲೇ ಬಂದವು. ಆ ಸಂಸ್ಥೆಯನ್ನು ಕಟ್ಟಿದ ಹೆನ್ರಿ ಮಾರಿಸ್, 1961ರಲ್ಲಿ ಜಾನ್ ವಿಟ್ಕಂಬ್ ಜೊತೆ ಸೇರಿ ಒಂದು ಪುಸ್ತಕ ಬರೆದಿದ್ದರು. ಭೂಮಿಯ ಕಲ್ಲಿನ ಪದರಗಳೂ ಪಳೆಯುಳಿಕೆಗಳೂ ಬಹುಪಾಲು ನೂಹ್(ಅ) ಅವರ ಕಾಲದ ಪ್ರಳಯದ ಒಂದೇ ವರ್ಷದಲ್ಲಿ ಆದವು ಎಂಬುದು ಅದರ ಸಾರ. ಅವರಿಗೂ ಹಿಂದೆ 1923ರಲ್ಲಿ ಜಾರ್ಜ್ ಪ್ರೈಸ್ ಎಂಬ ಅಡ್ವೆಂಟಿಸ್ಟ್ ಪಂಥದ ಶಿಕ್ಷಕ ಇದನ್ನೇ ಬರೆದಿದ್ದರು. ಇನ್ನೂ ಹಿಂದೆ ಹೋದರೆ ಐರ್ಲೆಂಡಿನ ಬಿಷಪ್ ಜೇಮ್ಸ್ ಅಷರ್ ಸಿಗುತ್ತಾರೆ. ಬೈಬಲಿನ ವಂಶಾವಳಿಗಳಲ್ಲಿ ಯಾರು ಎಷ್ಟು ವಯಸ್ಸಿನಲ್ಲಿ ಯಾರಿಗೆ ತಂದೆಯಾದರು ಎಂದು ಬರೆದಿರುವುದನ್ನೆಲ್ಲ ಕೂಡಿ, ಸೃಷ್ಟಿ ನಡೆದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಅವರು 1650ರಲ್ಲಿ ಲೆಕ್ಕ ಹಾಕಿದ್ದರು. ಭೂಮಿಗೆ ಆರು ಸಾವಿರ ವರ್ಷ ಎಂಬ ಮಾತು ಹೀಗೆ ಬಂದದ್ದು.

ಸನದ್ ಇಲ್ಲಿಗೆ ಮುಗಿಯಿತು. ಇದರಲ್ಲಿ ಒಬ್ಬ ಮುಫಸ್ಸಿರ್ ಇಲ್ಲ, ಒಬ್ಬ ಮುಹದ್ದಿಸ್ ಇಲ್ಲ. ಕುರ್‌ಆನ್‌ನಲ್ಲಿ ಆ ಬಗೆಯ ವಂಶಾವಳಿಯ ಲೆಕ್ಕವೇ ಇಲ್ಲ, ಸೃಷ್ಟಿಯ ತಾರೀಖೂ ಇಲ್ಲ. ಆರು ದಿನಗಳ ಮಾತು ಇದೆ. ಆದರೆ ಪಾಲಕನ ಬಳಿಯ ದಿನ ನಮ್ಮ ಎಣಿಕೆಯ ಸಾವಿರ ವರ್ಷದಂತೆ ಎಂದು ಸೂರಃ ಅಲ್ ಹಜ್ಜ್‌ನ 47ನೇ ಆಯತ್ ತಿಳಿಸಿದರೆ, ಸೂರಃ ಅಲ್ ಮಆರಿಜ್‌ನ 4ನೆಯದು ಐವತ್ತು ಸಾವಿರ ವರ್ಷದ ದಿನವನ್ನು ಹೇಳುತ್ತದೆ. ನಮ್ಮದಲ್ಲದ ಜಗಳವನ್ನು ನಾವು ನಮ್ಮ ಮಿಂಬರಿಗೆ ತಂದಿದ್ದೆವು.

ಇನ್ನು ಆ ಮೂರು ಮಾತುಗಳನ್ನು ಒಂದೊಂದಾಗಿ ನೋಡೋಣ. ಕಲ್ಲಿನ ವಯಸ್ಸಿನಿಂದ ಶುರುಮಾಡುತ್ತೇವೆ, ಏಕೆಂದರೆ ಅದು ನಮ್ಮ ಊರಿನದೇ ಕಥೆ. ಭೂವಿಜ್ಞಾನಿಗಳಿಗೆ ಸರಗೂರು ಎಂಬ ಹೆಸರು ಚೆನ್ನಾಗಿ ಗೊತ್ತು ಎಂಬುದು ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ ನಮಗೆ ತಿಳಿದಿರಲಿಲ್ಲ. ದಕ್ಷಿಣ ಭಾರತದ ಅತಿ ಹಳೆಯ ಶಿಲಾವರ್ಗಗಳಲ್ಲಿ ಒಂದಕ್ಕೆ ಅವರು ಇಟ್ಟಿರುವ ಹೆಸರೇ 'ಸರಗೂರು ಗುಂಪು'. ಸರಗೂರು, ಹೆಗ್ಗಡದೇವನಕೋಟೆ ಸುತ್ತಿನ ಹೊಲಗಳಲ್ಲಿ, ದಿಬ್ಬಗಳಲ್ಲಿ ಕಾಣುವ ಬೆಣಚುಶಿಲೆ, ಅಮೃತಶಿಲೆ, ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು ಇವೆಲ್ಲ ಆ ಗುಂಪಿನವು. ಇವುಗಳ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಇವುಗಳಲ್ಲಿ ಕೆಲವು ಮೊದಲು ನೀರಿನ ತಳದಲ್ಲಿ ಕೂತ ಮರಳು, ಕೆಸರು ಆಗಿದ್ದವು. ಆಮೇಲೆ ಭೂಮಿಯ ಒಳಗೆ ಹೂತು, ಬೆಂದು, ಒತ್ತಿ, ಮತ್ತೆ ಮೇಲೆ ಬಂದು ಸವೆದವು. ಇಷ್ಟೆಲ್ಲ ಒಂದು ವರ್ಷದ ಪ್ರಳಯದಲ್ಲಿ ಆಗುವಂಥದ್ದಲ್ಲ.

ವಯಸ್ಸು ಹೇಗೆ ತಿಳಿಯುತ್ತದೆ? ಇಂಥ ಕಲ್ಲುಗಳಲ್ಲಿ ಜಿರ್ಕಾನ್ ಎಂಬ ಹರಳಿನ ಸಣ್ಣ ಕಣಗಳಿರುತ್ತವೆ. ಆ ಹರಳು ಹುಟ್ಟುವಾಗ ಒಳಗೆ ಸ್ವಲ್ಪ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ. ಯುರೇನಿಯಂ ಒಂದೇ ವೇಗದಲ್ಲಿ ಕರಗುತ್ತಾ ಕೊನೆಗೆ ಸೀಸವಾಗುತ್ತದೆ. ಹಾಗಾಗಿ ಹರಳಿನಲ್ಲಿ ಇಂದು ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಬಂದಿದೆ ಎಂದು ಅಳೆದರೆ ಹರಳು ಹುಟ್ಟಿ ಎಷ್ಟು ಕಾಲವಾಯಿತು ಎಂದು ಹೇಳಬಹುದು. ಯುರೇನಿಯಂನಲ್ಲಿ ಎರಡು ಬಗೆ. ಒಂದು ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಇನ್ನೊಂದಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನೊಳಗೆ ಬೇರೆಬೇರೆ ವೇಗದ ಎರಡು ಗಡಿಯಾರ. ಎರಡೂ ಒಂದೇ ವಯಸ್ಸು ಹೇಳಿದಾಗ ಮಾತ್ರ ವಿಜ್ಞಾನಿಗಳು ಧೈರ್ಯವಾಗಿ ಬರೆಯುತ್ತಾರೆ, ಹೇಳದಿದ್ದರೆ ಏಕೆಂದು ಹುಡುಕುತ್ತಾರೆ. ಪರಸ್ಪರ ಮಾತಾಡಿಕೊಳ್ಳದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಮ್ಮ ಫಿಕ್‌ಹ್‌ನಲ್ಲಿ ಅದಕ್ಕೆ ಎಷ್ಟು ಬೆಲೆ ಎಂದು ಓದುಗರಿಗೆ ಗೊತ್ತಿದೆ. ಇದನ್ನು ಊಹೆ ಎಂದದ್ದು ನಮ್ಮ ತಪ್ಪು.

ಪಿಲ್ಟ್‌ಡೌನ್ ಬುರುಡೆ ನಕಲಿ ಎಂಬುದು ನಿಜ. 1912ರಲ್ಲಿ ಅದನ್ನು ತೋರಿಸಿದರು, 1953ರಲ್ಲಿ ಅದು ಮೋಸ ಎಂದು ಬಯಲಾಯಿತು. ಆದರೆ ಬಯಲು ಮಾಡಿದವರು ಯಾರು? ಪಾದ್ರಿಗಳಲ್ಲ, ಮೌಲ್ವಿಗಳಲ್ಲ, ವಿಜ್ಞಾನಿಗಳೇ. ಹದೀಸ್‌ಗಳಲ್ಲೂ ಕಟ್ಟುಕಥೆಗಳನ್ನು ಸೇರಿಸಿದವರಿದ್ದರು, ಮುಹದ್ದಿಸರು ಅವರನ್ನು ಹಿಡಿದರು. ಹಾಗೆಂದು ಎಲ್ಲ ಹದೀಸೂ ಕಟ್ಟುಕಥೆ ಎಂದು ಯಾರಾದರೂ ಅಂದರೆ ನಾವು ಒಪ್ಪುತ್ತೇವೆಯೇ?

ನಡುವಿನ ಪಳೆಯುಳಿಕೆಯ ವಿಷಯ. 1861ರಲ್ಲೇ ಜರ್ಮನಿಯಲ್ಲಿ ಹಕ್ಕಿಯ ಗರಿಯೂ ಹಲ್ಲಿಯಂಥ ಹಲ್ಲು, ಬಾಲಗಳೂ ಒಟ್ಟಿಗಿದ್ದ ಆರ್ಕಿಯಾಪ್ಟೆರಿಕ್ಸ್ ಸಿಕ್ಕಿತ್ತು. ನಮಗೆ ಹೆಚ್ಚು ಹಿಡಿಸಿದ್ದು ತಿಮಿಂಗಿಲದ ಕಥೆ. ತಿಮಿಂಗಿಲ ಮೀನಲ್ಲ, ಮರಿ ಹಾಕಿ ಹಾಲೂಡಿಸುವ ಪ್ರಾಣಿ. ಅದರ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೆಯುತ್ತಿದ್ದರು ಎಂದರೆ ನಗು ಬರುವುದು ಸಹಜ. ಆದರೆ ಆ ಮೂಳೆಗಳು ಸಿಕ್ಕಿದ್ದು ದೂರದ ದೇಶದಲ್ಲಲ್ಲ. ನಡೆಯಲೂ ಈಜಲೂ ಬಲ್ಲ ಕಾಲುಗಳಿದ್ದ ತಿಮಿಂಗಿಲ ಪಾಕಿಸ್ತಾನದಲ್ಲಿ ಸಿಕ್ಕಿತು, 1994ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಅದಕ್ಕೂ ಮೊದಲೇ ನಮ್ಮ ದೇಶದ ಭೂವಿಜ್ಞಾನಿ ಎ. ರಂಗರಾವ್ ಜಮ್ಮು ಭಾಗದ ಕಾಲಾಕೋಟ್‌ನಿಂದ ಕಲ್ಲುಗಳನ್ನು ಸಂಗ್ರಹಿಸಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಪತ್ನಿ ಅವನ್ನು ವರ್ಷಗಟ್ಟಲೆ ಜೋಪಾನ ಮಾಡಿ, ಕೊನೆಗೆ ಹಾನ್ಸ್ ಥೆವಿಸನ್ ಎಂಬ ವಿಜ್ಞಾನಿಯ ಕೈಗಿತ್ತರು. ಕೆಲಸ ಮಾಡುವಾಗ ಸಹಾಯಕರ ಕೈಯಲ್ಲಿ ಒಂದು ಬುರುಡೆಯ ತುಂಡು ಆಕಸ್ಮಿಕವಾಗಿ ಒಡೆಯಿತು. ಒಡೆದ ಕಡೆ ಕಿವಿಯ ಮೂಳೆ ಕಾಣಿಸಿತು. ಅದರ ಆಕಾರ ತಿಮಿಂಗಿಲ ವಂಶದಲ್ಲಿ ಮಾತ್ರ ಕಾಣುವಂಥದ್ದು, ಆದರೆ ಪ್ರಾಣಿ ಮಾತ್ರ ಬರ್ಕದಂಥ ಗೊರಸುಕಾಲಿನ ಸಣ್ಣ ಜೀವಿ! 2007ರಲ್ಲಿ ಇದು ಪ್ರಕಟವಾಯಿತು, ಹೆಸರು ಇಂಡೋಹ್ಯಸ್. ನಡುವಿನ ಪಳೆಯುಳಿಕೆ ಒಂದೂ ಇಲ್ಲ ಎಂದು ನಾವು ಸರಗೂರಿನಲ್ಲಿ ನಿಂತು ಹೇಳುವಾಗ ಅದು ನಮ್ಮದೇ ದೇಶದ ಕಲ್ಲಿನಿಂದ ಹೊರಬಂದು ವರ್ಷಗಳೇ ಆಗಿದ್ದವು.

ಮಂಗ ಮನುಷ್ಯನಾದದ್ದನ್ನು ಯಾರು ನೋಡಿದ್ದಾರೆ ಎಂದು ಕೇಳುವುದುಂಟು. 2018ರಲ್ಲಿ ಕೇಂದ್ರದ ಒಬ್ಬ ಸಚಿವರೂ ಹೀಗೆಯೇ ಕೇಳಿ, ದೇಶದ ವಿಜ್ಞಾನ ಅಕಾಡೆಮಿಗಳಿಂದ ಆಕ್ಷೇಪ ಕೇಳಿಸಿಕೊಂಡರು. ಅಂದು ಅವರನ್ನು ಗೇಲಿ ಮಾಡಿದ ನಮ್ಮವರು, ಅದೇ ಪ್ರಶ್ನೆಯನ್ನು ನಾವು ಮಸೀದಿಯಲ್ಲಿ ಕೇಳಿದಾಗ ತಲೆದೂಗಿದ್ದರು. ವಿಕಾಸವಾದ ಹೇಳುವುದು ನಮ್ಮ ಮನೆ ಹೆಂಚು ಎತ್ತುವ ಇಂದಿನ ಕೋತಿ, ಮುಸಿಯಗಳು ಮನುಷ್ಯರಾದವು ಎಂದಲ್ಲ. ಬಹು ಹಿಂದೆ ಒಂದೇ ಬೇರಿನಿಂದ ಕವಲೊಡೆದ ಬೇರೆಬೇರೆ ಕೊಂಬೆಗಳು ಎಂದು. ಒಂದೇ ಜೀವಿಯ ಮಕ್ಕಳಲ್ಲಿ ಸಣ್ಣಸಣ್ಣ ವ್ಯತ್ಯಾಸಗಳಿರುತ್ತವೆ, ಅವು ಮುಂದಿನ ಪೀಳಿಗೆಗೆ ಇಳಿಯುತ್ತವೆ, ಆ ಜಾಗದಲ್ಲಿ ಬದುಕಲು ನೆರವಾದ ವ್ಯತ್ಯಾಸ ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುತ್ತದೆ. ಡಾರ್ವಿನ್ 1859ರಲ್ಲಿ ಹೇಳಿದ್ದರ ತಿರುಳು ಇಷ್ಟೇ.

ಇದನ್ನು ನೋಡಲು ನಮ್ಮ ತಾಲ್ಲೂಕಿನ ಹಾಡಿಗಳೇ ಸಾಕು. ಆದಿವಾಸಿ ಕುಟುಂಬಗಳಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗಿ, ರಕ್ತನಾಳದಲ್ಲಿ ಸಿಕ್ಕಿಕೊಂಡು ವಿಪರೀತ ನೋವು ಕೊಡುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ನಮ್ಮ ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ, 1952ರಲ್ಲಿ. ತಂದೆ ತಾಯಿ ಇಬ್ಬರಿಂದಲೂ ಈ ದೋಷ ಬಂದರೆ ಮಗುವಿಗೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಬದಲಿಗೆ ತೀವ್ರ ಮಲೇರಿಯಾದಿಂದ ಒಂದಷ್ಟು ರಕ್ಷಣೆ. ಆಂಥನಿ ಆಲಿಸನ್ ಎಂಬ ವೈದ್ಯ ಇದನ್ನು 1954ರಲ್ಲಿ ಆಫ್ರಿಕಾದಲ್ಲಿ ತೋರಿಸಿದರು. ಕಾಡಿನ ಚಳಿಜ್ವರ ಮಕ್ಕಳನ್ನು ಒಯ್ಯುತ್ತಿದ್ದ ಕಾಲದಲ್ಲಿ ಈ ಗುಣವಿದ್ದವರು ಹೆಚ್ಚು ಉಳಿದರು, ಅವರ ಮಕ್ಕಳಿಗೂ ಅದು ಇಳಿಯಿತು. ಒಂದು ದೋಷ ಒಂದು ಜಾಗದಲ್ಲೇ ಏಕೆ ಹೆಚ್ಚಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಇನ್ನೂ ಯಾರೂ ಕೊಟ್ಟಿಲ್ಲ. ಇಬ್ಬರೂ ಆ ಗುಣವಿದ್ದವರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಹಾಗಾಗಿ ಮದುವೆಗೆ ಮುಂಚಿನ ರಕ್ತಪರೀಕ್ಷೆಗೆ ಇಷ್ಟು ಮಹತ್ವ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ವಿಕಾಸವೆಲ್ಲ ಸುಳ್ಳು ಎಂದು ಹೇಳಿ ಬಂದ ಬಾಯಲ್ಲಿ ಈ ಪರೀಕ್ಷೆಯ ಅಗತ್ಯವನ್ನು ಹೇಗೆ ವಿವರಿಸುವುದು?

ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲೂ ದಶಕಗಳಿಂದ ಹಣ್ಣುನೊಣಗಳನ್ನು ಬಾಟಲಿಗಳಲ್ಲಿ ಸಾಕುತ್ತಿದ್ದಾರೆ. ಎಂಟು ವರ್ಣತಂತುಗಳ ಒಂದು ಬಗೆ, ಆರು ವರ್ಣತಂತುಗಳ ಇನ್ನೊಂದು ಬಗೆ ಇವನ್ನು ಕೂಡಿಸಿ, ನೂರಾರು ಪೀಳಿಗೆ ಬೆಳೆಸಿ, ಎರಡೂ ಅಲ್ಲದ ಹೊಸ ತಳಿಗಳು ನೆಲೆಗೊಳ್ಳುವುದನ್ನು ಕಂಡಿದ್ದಾರೆ. ನೊಣ ನೊಣವಾಗಿಯೇ ಉಳಿಯಿತು, ಹದ್ದಾಗಲಿಲ್ಲ, ಅಷ್ಟನ್ನು ಯಾರೂ ಹೇಳುತ್ತಲೂ ಇಲ್ಲ.

ಇನ್ನು ಕ್ರೈಸ್ತರ ವಿಷಯ. ಆ ಹಾಸ್ಟೆಲಿನ ಹುಡುಗನ ಪುಸ್ತಿಕೆಯನ್ನು ನೋಡಿ ಎಲ್ಲ ಕ್ರೈಸ್ತರನ್ನೂ ಅಳೆದರೆ ಅನ್ಯಾಯವಾದೀತು. ಅಮೆರಿಕದ ಟೆನೆಸ್ಸಿಯಲ್ಲಿ 1925ರಲ್ಲಿ ವಿಕಾಸವಾದ ಕಲಿಸಿದ್ದಕ್ಕೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕನಿಗೆ ನೂರು ಡಾಲರ್ ದಂಡ ಹಾಕಿದ್ದು ನಿಜ. ಆದರೆ 2004ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲಾ ಮಂಡಳಿ ಸೃಷ್ಟಿವಾದವನ್ನು ಬೇರೆ ಹೆಸರಿನಲ್ಲಿ ತಂದಾಗ ಕೋರ್ಟಿಗೆ ಹೋದದ್ದು ಹನ್ನೊಂದು ಮಂದಿ ಪೋಷಕರು. ಅವರಲ್ಲಿ ಚರ್ಚಿಗೆ ಹೋಗುವವರಿದ್ದರು. ಅವರ ಪರ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕ್ಯಾಥೊಲಿಕ್. ತೀರ್ಪು ಪೋಷಕರ ಪರ ಬಂತು. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ವಿಕಾಸವಾದ ಬರೀ ಕಲ್ಪನೆಗಿಂತ ಹೆಚ್ಚಿನದು ಎಂದು ಒಪ್ಪಿದ್ದರು. ಮನುಷ್ಯನ ವಂಶವಾಹಿಯನ್ನು ಪೂರ್ತಿ ಓದುವ ಯೋಜನೆಯ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಕಾಲಿನ್ಸ್ ದೃಢ ಕ್ರೈಸ್ತರು, ವಿಕಾಸವಾದವನ್ನೂ ಒಪ್ಪುವವರು.

ಹಾಗಾದರೆ ಅವರಲ್ಲಿ ಒಂದು ವರ್ಗ ಇಷ್ಟು ಹಟ ಹಿಡಿಯುವುದೇಕೆ? ಅವರಿಗೆ ಆದಮರ ಪ್ರಶ್ನೆ ಬರೀ ಹುಟ್ಟಿನ ಪ್ರಶ್ನೆಯಲ್ಲ. ಆದಮರ ಪಾಪದ ಫಲ ಮನುಷ್ಯಕುಲಕ್ಕೆಲ್ಲ ಬಂತು, ಅದನ್ನು ತೊಡೆಯಲು ಯೇಸುವಿನ ಬಲಿಯಾಯಿತು ಎಂಬುದು ಅವರ ನಂಬಿಕೆಯ ಕಟ್ಟಡ. ಆದಮರನ್ನು ಅಲುಗಿಸಿದರೆ ಶಿಲುಬೆಯೂ ಅಲುಗಿತೆಂಬ ಭಯ. ನಮ್ಮಲ್ಲಿ ಜನ್ಮಪಾಪವಿಲ್ಲ. ಆದಮ್(ಅ) ತಪ್ಪಿದರು, ತೌಬಾ ಮಾಡಿದರು, ಅಲ್ಲಾಹನು ಕ್ಷಮಿಸಿದನು. ಒಬ್ಬರ ಹೊರೆ ಇನ್ನೊಬ್ಬರ ಮೇಲಿಲ್ಲ. ಅವರ ಭಯ ನಮಗೆ ಬೇಕಿರಲಿಲ್ಲ, ಭಯದ ಜೊತೆಗೆ ಬಂದ ವಾದಗಳೂ ಬೇಕಿರಲಿಲ್ಲ.

ಹಾಗೆಂದು ನಮ್ಮಲ್ಲಿ ಯಾವ ಬಿಕ್ಕಟ್ಟೂ ಇಲ್ಲ ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ಆದಮ್(ಅ) ಅವರನ್ನು ಅಲ್ಲಾಹನು ಮಣ್ಣಿನಿಂದ ನೇರವಾಗಿ ಸೃಷ್ಟಿಸಿದನು ಎಂಬುದು ನಮ್ಮ ಈಮಾನ್. ಸೂರಃ ಆಲಿ ಇಮ್ರಾನ್‌ನ 59ನೇ ಆಯತ್ ಈಸಾ(ಅ) ಅವರ ಹುಟ್ಟನ್ನು ಆದಮ್(ಅ) ಅವರ ಸೃಷ್ಟಿಗೆ ಹೋಲಿಸುತ್ತದೆ. ಅದು ಮುಅಜಿಝಾ. ತಂದೆಯಿಲ್ಲದೆ ಹುಟ್ಟಿದ ಈಸಾ(ಅ) ಅವರ ಹುಟ್ಟಿಗೆ ನಾವು ಪ್ರಯೋಗಾಲಯದ ಪುರಾವೆ ಕೇಳುವುದಿಲ್ಲ. ಹಾಗೆಯೇ ಆದಮ್(ಅ) ಅವರ ವಿಷಯವನ್ನು ವಹೀ ಆಧಾರದ ಮೇಲೆ ನಂಬುತ್ತೇವೆ, ಮೂಳೆಗಳ ಆಧಾರದ ಮೇಲಲ್ಲ. ಮನುಷ್ಯನಂಥ ಬೇರೆ ಜೀವಿಗಳು ಭೂಮಿಯಲ್ಲಿ ಇದ್ದವೇ, ಇದ್ದರೆ ಹೇಗೆ ಬಂದವು? ಅದನ್ನು ಕುರ್‌ಆನ್ ಹೌದೆಂದೂ ಹೇಳಿಲ್ಲ, ಇಲ್ಲವೆಂದೂ ಹೇಳಿಲ್ಲ, ಹಾಗಾಗಿ ಅಲ್ಲಿ ತವಕ್ಕುಫ್, ಅಂದರೆ ತೀರ್ಪು ಹೇಳದೆ ನಿಲ್ಲುವುದು ಸರಿ ಎಂದು ಡೇವಿಡ್ ಸಾಲೊಮನ್ ಜಲಾಜೆಲ್ ಎಂಬ ಇಂದಿನ ವಿದ್ವಾಂಸರು ಬರೆದಿದ್ದಾರೆ. ಪ್ರಾಣಿ ಸಸ್ಯಗಳ ವಿಕಾಸಕ್ಕೆ ಅಡ್ಡಿಯಿಲ್ಲ, ಮನುಷ್ಯನದನ್ನು ಮಾತ್ರ ಒಪ್ಪಲಾಗದು ಎನ್ನುವ ಉಲಮಾ ಇದ್ದಾರೆ. ಪೂರ್ತಿ ತಳ್ಳಿಹಾಕುವವರೂ ಇದ್ದಾರೆ. ನಮಗೆ ತವಕ್ಕುಫ್‌ನ ದಾರಿ ಹತ್ತಿರವೆನಿಸುತ್ತದೆ. ಒಪ್ಪದವರ ಈಮಾನನ್ನು ನಾವು ಪ್ರಶ್ನಿಸುವುದಿಲ್ಲ, ಅವರೂ ನಮ್ಮದನ್ನು ಪ್ರಶ್ನಿಸಬಾರದು.

ಈ ಚರ್ಚೆ ನಮ್ಮಲ್ಲಿ ಹೊಸದೂ ಅಲ್ಲ. ಜಮಾಲುದ್ದೀನ್ ಅಫ್ಗಾನಿ 1881ರ ಸುಮಾರಿಗೆ ನಮ್ಮ ದಖ್ಖನಿನ ಹೈದರಾಬಾದಿನಲ್ಲಿದ್ದಾಗ ಪ್ರಕೃತಿವಾದಿಗಳನ್ನು ಖಂಡಿಸಿ ಒಂದು ಪುಸ್ತಕ ಬರೆದರು. ಅದರಲ್ಲಿ ಡಾರ್ವಿನ್ ಪ್ರಕಾರ ಸೊಳ್ಳೆ ಆನೆಯಾಗಬಹುದು, ಆನೆ ಸೊಳ್ಳೆಯಾಗಬಹುದು ಎಂದು ಗೇಲಿ ಮಾಡಿದರು. ದೊಡ್ಡ ವಿದ್ವಾಂಸರು, ಆದರೆ ಡಾರ್ವಿನ್ ಹಾಗೆ ಹೇಳಿರಲಿಲ್ಲ. ಕೆಲವೇ ವರ್ಷಗಳಲ್ಲಿ, 1888ರಲ್ಲಿ, ಲೆಬನಾನಿನ ತ್ರಿಪೋಲಿಯ ಶೈಖ್ ಹುಸೈನ್ ಅಲ್ ಜಿಸ್ರ್ ಬೇರೆ ದಾರಿ ಹಿಡಿದರು. ಆಯತ್‌ಗಳ ನೇರ ಅರ್ಥವನ್ನೇ ಹಿಡಿಯುತ್ತೇವೆ, ಆದರೆ ಅದಕ್ಕೆ ವಿರುದ್ಧವಾಗಿ ಅಲ್ಲಗಳೆಯಲಾಗದ ಪುರಾವೆ ಬಂದರೆ ಆಯತನ್ನು ಬೇರೆ ಬಗೆಯಲ್ಲಿ ಅರ್ಥಮಾಡಿಕೊಳ್ಳಲು ನಮ್ಮ ಉಸೂಲ್ ದಾರಿ ಕೊಟ್ಟಿದೆ ಎಂದರು. ಇಬ್ಬರಿಗೂ ಶತಮಾನಗಳ ಹಿಂದೆಯೇ ಇಮಾಮ್ ಗಜಾಲಿ(ರ) ತಮ್ಮ ತಹಾಫುತ್‌ನ ಮುನ್ನುಡಿಯಲ್ಲಿ ಗ್ರಹಣದ ಉದಾಹರಣೆ ಕೊಟ್ಟಿದ್ದಾರೆ. ಲೆಕ್ಕದಿಂದ ಸಾಬೀತಾದ ಗ್ರಹಣದ ಕಾರಣವನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು, ಕೇಳುವವರಿಗೆ ಲೆಕ್ಕದ ಮೇಲಲ್ಲ, ಧರ್ಮದ ಮೇಲೆಯೇ ಸಂಶಯ ಹುಟ್ಟಿಸುತ್ತಾನೆ ಎಂಬುದು ಅವರ ಮಾತಿನ ಸಾರ. ನಮ್ಮ ಬಿ.ಎಸ್ಸಿ. ಹುಡುಗನಿಗೆ ಆದದ್ದು ಅಕ್ಷರಶಃ ಅದೇ. ಮದ್ರಸಾದಲ್ಲಿ ಈ ಪುಟವನ್ನು ನಾವು ಓದಿದ್ದೆವು, ಪರೀಕ್ಷೆಗೂ ಬರೆದಿದ್ದೆವು.

ಇದರ ಎದುರು ಅತಿರೇಕವೂ ಇದೆ. ಅಲ್ ಜಾಹಿಝ್ ಒಂಬತ್ತನೇ ಶತಮಾನದಲ್ಲೇ ವಿಕಾಸವಾದ ಕಂಡುಹಿಡಿದಿದ್ದರು, ಇಬ್ನ್ ಖಲ್ದೂನ್ ಬರೆದಿದ್ದರು, ಡಾರ್ವಿನ್ ಕದ್ದ ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಬರುತ್ತವೆ. ಪ್ರಾಣಿಗಳ ಹೋರಾಟ, ಪರಿಸರದ ಪ್ರಭಾವ, ಜೀವಿಗಳ ಮೇಲುಕೆಳಗಿನ ಶ್ರೇಣಿ ಇವನ್ನು ಅವರು ಬರೆದದ್ದು ನಿಜ. ಡಾರ್ವಿನ್ನನ ಸಿದ್ಧಾಂತ ಅದಲ್ಲ. ಬೆಳಿಗ್ಗೆ ವಿಕಾಸವಾದ ಸುಳ್ಳು ಎಂದು, ಸಂಜೆ ಅದು ನಮ್ಮದೇ ಎಂದು ಹೇಳಿದರೆ ಮಕ್ಕಳು ನಗುತ್ತಾರೆ.

ಕ್ರೈಸ್ತರೊಡನೆ ಪುರಾವೆಯ ವಾದ ಮಾಡುವವರಿಗೆ ಒಂದು ಹಳೆಯ ಘಟನೆ. 1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಮೌಲಾನಾ ರಹ್ಮತುಲ್ಲಾಹ್ ಕೈರಾನವಿ ಮತ್ತು ಪಾದ್ರಿ ಪ್ಫಾಂಡರ್ ನಡುವೆ ಎರಡು ದಿನ ಮುನಾಝರಾ ನಡೆಯಿತು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಹೆಸರು ಕೇಳಿದ್ದೀರಿ, ಪ್ಫಾಂಡರ್ ಅದೇ ಬಾಸೆಲ್‌ನಲ್ಲಿ ತರಬೇತಾದವರು. ಮೌಲಾನಾರ ಜೊತೆಗಿದ್ದ ಡಾಕ್ಟರ್ ವಝೀರ್ ಖಾನ್ ಯುರೋಪಿನ ಬೈಬಲ್ ವಿಮರ್ಶಕರ ಪುಸ್ತಕಗಳನ್ನು ತಂದಿದ್ದರು. ಬೈಬಲಿನಲ್ಲಿ ಮಾರ್ಪಾಡುಗಳಾಗಿವೆ ಎಂಬುದಕ್ಕೆ ಕ್ರೈಸ್ತ ದೇಶದ ಸಂಶೋಧಕರನ್ನೇ ಸಾಕ್ಷಿಯಾಗಿ ನಿಲ್ಲಿಸಿದಾಗ ಪಾದ್ರಿಗಳು ತಡಬಡಾಯಿಸಿದರು. ನಮ್ಮ ಮದ್ರಸಾಗಳಲ್ಲಿ ಇಂದಿಗೂ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಅಂದು ಸಂಶಯವಾದಿಗಳಿಂದ ಆಯುಧ ತಂದು ಕ್ರೈಸ್ತರ ಮೇಲೆ ಬೀಸಿದೆವು, ಇಂದು ಕ್ರೈಸ್ತರಿಂದ ಆಯುಧ ತಂದು ವಿಜ್ಞಾನದ ಮೇಲೆ ಬೀಸುತ್ತಿದ್ದೇವೆ. ಬೈಬಲಿನ ವಿಷಯ ಬಂದಾಗ ಸಂಶೋಧಕರ ಮಾತು ಪ್ರಮಾಣ, ಕಲ್ಲು ಮೂಳೆಗಳ ವಿಷಯ ಬಂದಾಗ ಅದೇ ಸಂಶೋಧಕರು ಮೋಸಗಾರರು. ಈಸಾ(ಅ) ಶಿಲುಬೆಗೇರಲಿಲ್ಲ ಎಂಬ ನಮ್ಮ ಮಾತೂ ವಹೀ ಆಧಾರದ್ದು. ಇತಿಹಾಸಕಾರರ ತಕ್ಕಡಿಯಲ್ಲಿ ತೂಗಿ ಗೆಲ್ಲುತ್ತೇವೆಂದು ಹೊರಟರೆ ಅವರು ಬೇರೆಯೇ ತೂಕ ಹೇಳುತ್ತಾರೆ. ಕೊಳ್ಳುವಾಗ ಪೂರ್ತಿ ಅಳೆಸಿಕೊಂಡು ಕೊಡುವಾಗ ಕಡಿಮೆ ಅಳೆಯುವವರ ಬಗ್ಗೆ ಸೂರಃ ಅಲ್ ಮುತಫ್ಫಿಫೀನ್ ಏನು ಎಚ್ಚರಿಸಿದೆ ಎಂದು ಸಂತೆಯಲ್ಲಿ ವ್ಯಾಪಾರ ಮಾಡುವ ನಮ್ಮ ಜನರಿಗೆ ವಿವರಿಸಬೇಕಿಲ್ಲ.

ಕೊನೆಗೆ ಒಬ್ಬ ತಂದೆಯ ಪ್ರಶ್ನೆ. ಎರಡನೇ ಜುಮಾದ ದಿನ ಅವರು ಹೈಸ್ಕೂಲು ಓದುವ ಮಗಳ ವಿಜ್ಞಾನ ಪುಸ್ತಕ ಹಿಡಿದು ಬಂದಿದ್ದರು. ಎನ್‌ಸಿಇಆರ್‌ಟಿ 2023ರಲ್ಲಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟದ್ದು ಅವರಿಗೆ ಗೊತ್ತಿತ್ತು. ಆಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದ್ದು ಗೊತ್ತಿರಲಿಲ್ಲ. "ಸರ್ಕಾರವೇ ತೆಗೆದಮೇಲೆ ನನ್ನ ಮಗಳು ಅದನ್ನ ಓದಬೇಕಾ? ಬರೆದರೆ ಗುನಾಹ್ ಅಲ್ವಾ ಹಜ್ರತ್?" ಎಂದರು. ಓದಲಿ, ಬರೆಯಲಿ, ಪೂರ್ತಿ ಅಂಕ ತೆಗೆದುಕೊಳ್ಳಲಿ ಎಂದೆವು. ಡಾರ್ವಿನ್ ಏನು ಹೇಳಿದ, ಯಾವ ಪುರಾವೆ ಕೊಟ್ಟ ಎಂದು ಬರೆಯುವುದು ಸತ್ಯವನ್ನೇ ಬರೆದಂತೆ, ಅದರಲ್ಲಿ ಗುನಾಹ್ ಇಲ್ಲ. ಸೃಷ್ಟಿ ಹೇಗೆ ಆರಂಭವಾಯಿತೆಂದು ಭೂಮಿಯಲ್ಲಿ ತಿರುಗಿ ನೋಡಲು ಸೂರಃ ಅಲ್ ಅನ್‌ಕಬೂತ್‌ನ 20ನೇ ಆಯತ್ ಕರೆ ಕೊಡುತ್ತದೆ. ಮಗಳು ಮಾಡುತ್ತಿರುವುದೂ ಅದನ್ನೇ ಎಂದೆವು.

ಆ ತಂದೆಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಇಶಾ ನಮಾಝಿನ ನಂತರ ಮಗಳನ್ನೂ ಕರೆದುಕೊಂಡು ಮನೆಗೆ ಬನ್ನಿ, ಕೂತು ಮಾತಾಡೋಣ ಎಂದಿದ್ದೇವೆ. ಬಿ.ಎಸ್ಸಿ. ಹುಡುಗ ಎರಡನೇ ಜುಮಾಕ್ಕೆ ಬಂದಿದ್ದ, ಕೊನೆಯ ಸಾಲಿನಲ್ಲಿ ಕೂತಿದ್ದ. ಬಯಾನ್ ಮುಗಿದ ಮೇಲೆ ಬಳಿ ಬಂದು, ಜಿರ್ಕಾನಿನ ವಿಷಯದಲ್ಲಿ ನಾವು ಒಂದು ಅಂಕಿ ತಪ್ಪು ಹೇಳಿದೆವೆಂದು ತಿದ್ದಿದ. ಮೇಲೆ ಬರೆದಿರುವುದು ಅವನು ತಿದ್ದಿದ ಅಂಕಿ.